ಮನೆ ಎಣಿಸಿದರೆ ಕಳ್ಳತನ ನಿಂತೀತೇ?

ಬಾಗಿಲ ಮುಂದೆ ಪೋಲೀಸಿನವರು ಬಂದು ನಿಂತರೆಂದರೆ ನಮ್ಮ ಕಡೆಯ ಮನೆಗಳಲ್ಲಿ ಇಂದಿಗೂ ಒಲೆಯ ಮುಂದಿರುವ ತಾಯಿಯ ಎದೆ ಝಲ್ಲೆನ್ನುತ್ತದೆ. "ಹುಡುಗ ಎಲ್ಲಿ ಏನು ಮಾಡಿಕೊಂಡನೋ" ಎಂಬುದೇ ಆಕೆಯ ಬಾಯಿಂದ ಬರುವ ಮೊದಲ ಮಾತು. ಖಾಕಿ ಬಟ್ಟೆ ಬಡವನ ಬಾಗಿಲಿಗೆ ಒಳ್ಳೆಯ ಸುದ್ದಿ ತಂದದ್ದು ಅಪರೂಪ. ಈಗ ಅದೇ ಖಾಕಿ ಬಟ್ಟೆಯವರು ಲಾಠಿಯ ಬದಲು ಪುಸ್ತಕ ಹಿಡಿದು, "ನಿಮ್ಮ ಕಷ್ಟಸುಖ ಹೇಳಿ" ಎಂದು ಕೇಳಲು ಬರುತ್ತಾರೆಂದು ಸರ್ಕಾರ ಸಾರಿದೆ. 2025ರ ಜುಲೈ ತಿಂಗಳಲ್ಲಿ ಗೃಹಮಂತ್ರಿ ಡಾ. ಜಿ. ಪರಮೇಶ್ವರ ಅವರು ಬೆಂಗಳೂರಿನಲ್ಲಿ ಉದ್ಘಾಟಿಸಿದ 'ಮನೆ ಮನೆಗೆ ಪೋಲೀಸ್' ಯೋಜನೆಯ ಸಾರಾಂಶ ಇದೇ. ಒಂದೊಂದು ಬೀಟನ್ನು 40-50 ಮನೆಗಳ ಗುಂಪುಗಳಾಗಿ ವಿಂಗಡಿಸುವುದು, ಬೀಟಿನ ಪೋಲೀಸಿನವರು ಪ್ರತಿ ಮನೆಗೂ ಹೋಗುವುದು, ಜನರ ಮಾತು ಕೇಳಿ ಬರೆದುಕೊಳ್ಳುವುದು, ಅಪರಾಧ ಆಗುವ ಮುನ್ನವೇ ತಡೆಯುವುದು.

ನಾವು ಇದನ್ನು ವಿರೋಧಿಸುವುದಿಲ್ಲ. ಮನೆಗೆ ಬಂದವರನ್ನು ಬೈದು ಕಳಿಸುವುದು ನಮ್ಮ ಸಂಪ್ರದಾಯವಲ್ಲ. ಚಾಪೆ ಹಾಸಿ ಕೂರಿಸಿ, ನೀರು ಕೊಟ್ಟು, ಆಮೇಲೆ ಲೆಕ್ಕ ಕೇಳುವುದು ನಮ್ಮ ಸಂಪ್ರದಾಯ. ಆ ಲೆಕ್ಕ ಕೇಳುವ ಕೆಲಸವನ್ನೇ ಇಂದು ಈ ಅಂಕಣದಲ್ಲಿ ಮಾಡುತ್ತಿದ್ದೇವೆ. ನಮ್ಮ ಪ್ರಶ್ನೆ ಒಂದೇ: ಪೋಲೀಸಿನವರು ನಮ್ಮ ಮನೆಗಳನ್ನು ಎಣಿಸುತ್ತಾರೆ, ಸರಿ, ಅವರ ಕೆಲಸವನ್ನು ಎಣಿಸುವ ಹಕ್ಕು ನಮಗೆ ಉಂಟೋ ಇಲ್ಲವೋ?

ಈ ಯೋಜನೆ ಆಕಾಶದಿಂದ ಉದುರಿದ್ದೇನೂ ಅಲ್ಲ. ಹಿಂದೆ ಪ್ರತಿ ಹಳ್ಳಿಗೂ ತಳವಾರನಿದ್ದ, ತೋಟಿಯಿದ್ದ. ಊರಿಗೆ ಯಾರು ಬಂದರು, ಯಾರು ಹೋದರು, ಯಾರ ಹೊಲದ ಬೆಳೆಗೆ ಯಾರ ದನ ನುಗ್ಗಿತು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಆದರೆ ಆ ಕಾವಲು ಯಾರದ್ದಾಗಿತ್ತು? ಪಟೇಲರ, ಗೌಡರ ಕಾವಲು. ಕಾಯುವವನು ಕೀಳು ಜಾತಿಯವನೆನಿಸಿಕೊಂಡು ಹಿಡಿ ಕಾಳಿಗೆ ಜೀವ ತೇಯುತ್ತಿದ್ದ. ಕಾವಲಿನ ಫಲ ಕಣಜ ತುಂಬಿದವನಿಗೆ ಸೇರುತ್ತಿತ್ತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಆಗಬೇಕಾದದ್ದೇ ಆಯಿತು. ಅದಾದ ಮೇಲೆ 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯಿದೆ ಬಂತು. 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು. ಠಾಣೆಯ ಪ್ರತಿಯೊಬ್ಬ ಪೇದೆಗೂ, ದಫೇದಾರನಿಗೂ ಒಂದೊಂದು ಬೀದಿ, ಒಂದೊಂದು ಹಳ್ಳಿ ಹಂಚಿಕೊಟ್ಟರು. ನಾಗರಿಕ ಸಮಿತಿಗಳಾದವು, ಸಭೆಗಳಾದವು, ಭಾವಚಿತ್ರಗಳು ಪತ್ರಿಕೆಯಲ್ಲಿ ಬಂದವು. ಈಗ 2025ರ ಯೋಜನೆ. ಹೆಸರು ಮೂರು ಸಲ ಬದಲಾಯಿತು. ಠಾಣೆಯ ಮೆಟ್ಟಿಲು ಹತ್ತಲು ಬಡವನಿಗಿರುವ ಅಂಜಿಕೆ ಬದಲಾಯಿತೇ?

ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೇ ನೋಡೋಣ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ಹೊನ್ನಾಳಿಯಿಂದ ಒಡೆದು ನ್ಯಾಮತಿ ಆಮೇಲೆ ಬೇರೆ ತಾಲ್ಲೂಕಾಯಿತು. ಜಿಲ್ಲೆ ಮಾಡಿದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ, ಸಮಾಜವಾದಿ ಚಳವಳಿಯಿಂದ ಬಂದ ಮುಖ್ಯಮಂತ್ರಿ ಜೆ.ಎಚ್. ಪಟೇಲರು. ಕಚೇರಿಗಳು ಜನರ ಹತ್ತಿರ ಬರಲಿ ಎಂಬುದು ಆಗಿನ ಮಾತು. ಕಚೇರಿಗಳು ಹತ್ತಿರ ಬಂದವು ನಿಜ. ಕಚೇರಿಯಲ್ಲಿ ಕೂತವರು ಹತ್ತಿರ ಬಂದರೇ ಎಂಬುದಕ್ಕೆ ಉತ್ತರವನ್ನು ಈ ನಾಲ್ಕು ಊರುಗಳೇ ಹೇಳುತ್ತವೆ.

ಮೊದಲು ನ್ಯಾಮತಿ. 2024ರ ಅಕ್ಟೋಬರ್ ಕೊನೆಯ ವಾರ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯ ಕಿಟಕಿಯ ಸರಳು ಕತ್ತರಿಸಿ ಒಳಹೊಕ್ಕ ಕಳ್ಳರು ಸುಮಾರು 17 ಕಿಲೋ 700 ಗ್ರಾಂ ಚಿನ್ನ ಹೊತ್ತೊಯ್ದರು. ಬೆಲೆ ಸುಮಾರು 13 ಕೋಟಿ ರೂಪಾಯಿ. ಬ್ಯಾಂಕಿನಲ್ಲಿದ್ದ ಆ ಚಿನ್ನ ಯಾರದು? ಬಿತ್ತನೆಗೆಂದು, ಮಗಳ ಓದಿಗೆಂದು, ಆಸ್ಪತ್ರೆಯ ಖರ್ಚಿಗೆಂದು ಜನ ಕಿವಿಯ ಓಲೆ, ಕೈಯ ಬಳೆ ಅಡವಿಟ್ಟು ಹೋಗಿದ್ದ ಚಿನ್ನ. ಕಳ್ಳರು ಖಾರದ ಪುಡಿ ಚೆಲ್ಲಿ ಪೋಲೀಸ್ ನಾಯಿಗಳ ಮೂಗು ಕೆಡಿಸಿದರು. ಕ್ಯಾಮೆರಾದ ಚಿತ್ರ ತುಂಬುವ ಪೆಟ್ಟಿಗೆಯನ್ನೇ ಕಿತ್ತುಕೊಂಡು ಹೋದರು.

ಐದು ತಿಂಗಳು ಪೋಲೀಸರು ರಾಜ್ಯ ರಾಜ್ಯ ಸುತ್ತಿದರು. 2025ರ ಮಾರ್ಚ್ ಕೊನೆಗೆ ಆರು ಮಂದಿಯನ್ನು ಹಿಡಿದರು. ಚಿನ್ನದ ಬಹುಪಾಲು ತಮಿಳುನಾಡಿನ ಉಸಿಲಂಪಟ್ಟಿಯ ಕಡೆ ಬಾವಿಯೊಂದರಲ್ಲಿ ಸಿಕ್ಕಿತು. ತನಿಖೆ ಮಾಡಿದ ಸಿಬ್ಬಂದಿಯ ಶ್ರಮವನ್ನು ನಾವು ಮೆಚ್ಚುತ್ತೇವೆ. ಅವರ ನಿದ್ದೆಗೆಟ್ಟ ರಾತ್ರಿಗಳಿಗೆ ನಮಸ್ಕಾರ. ಆದರೆ ಪೋಲೀಸರೇ ಹೇಳಿದ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಅವರ ಪ್ರಕಾರ ಮುಖ್ಯ ಆರೋಪಿ ದೂರದ ದರೋಡೆಕೋರನಲ್ಲ. ನ್ಯಾಮತಿಯಲ್ಲೇ ಸಿಹಿ ತಿಂಡಿ ಮಾರುತ್ತಿದ್ದ ವ್ಯಾಪಾರಿ. 2023ರಲ್ಲಿ ಅದೇ ಬ್ಯಾಂಕಿನಲ್ಲಿ 15 ಲಕ್ಷ ಸಾಲ ಕೇಳಿ ಇಲ್ಲವೆನಿಸಿಕೊಂಡವನು. ಅಪರಾಧ ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಸಾಲ ಸಿಗದ ವ್ಯಾಪಾರಿಗಳೆಲ್ಲ ಕಳ್ಳರಾಗುವುದಿಲ್ಲ. ಪರ ಊರಿನಿಂದ ಬಂದು ಅಂಗಡಿ ಇಟ್ಟವರೆಲ್ಲ ಅನುಮಾನಕ್ಕೆ ಅರ್ಹರೂ ಅಲ್ಲ. ಹಾಗೆ ಯೋಚಿಸುವವನು ಮೂರ್ಖ. ನಾವು ಹೇಳುವುದು ಬೇರೆ. ಪೇಟೆಯ ನಡುವೆ ಇಂಥ ಸಿದ್ಧತೆ ನಡೆದಿದ್ದರೆ ಊರಿನ ಬೀಟಿಗೆ ಅದರ ಗಾಳಿಯೂ ಸೋಕದಿದ್ದುದು ಹೇಗೆ? ರಾತ್ರಿ ಗಸ್ತಿಗೆ ಬರುವವನು ಬ್ಯಾಂಕಿನ ಮುಂಬಾಗಿಲ ಬೀಗ ಎಳೆದು ನೋಡಿ ಹೋಗುತ್ತಾನೋ, ಹಿಂದಿನ ಕಿಟಕಿಯನ್ನೂ ನೋಡುತ್ತಾನೋ? ಹೀಗೆ ಮಾಡಿದ್ದರೆ ಕಳ್ಳತನ ಖಂಡಿತ ತಪ್ಪುತ್ತಿತ್ತೆಂದು ನಾವು ಹೇಳಲಾರೆವು. ಆದರೆ ಕಳ್ಳನನ್ನು ಐದು ತಿಂಗಳು ಹುಡುಕಲು ಸಿಕ್ಕಷ್ಟು ಜೀಪು, ಅಷ್ಟು ಜನ, ಅಷ್ಟು ಹಣ, ಕಳ್ಳತನ ಆಗದಂತೆ ನೋಡಿಕೊಳ್ಳಲು ಯಾವ ಊರಿಗೂ ಎಂದೂ ಸಿಕ್ಕಿಲ್ಲ. ಹಿಡಿದ ಕಳ್ಳನಿಗೆ ಬಹುಮಾನ ಉಂಟು, ಪದಕ ಉಂಟು. ಆಗದೆ ಹೋದ ಕಳ್ಳತನಕ್ಕೆ ಪದಕ ಕೊಟ್ಟವರನ್ನು ಯಾರಾದರೂ ಕಂಡಿದ್ದೀರಾ?

ಈಗ ಚನ್ನಗಿರಿಗೆ ಬರೋಣ. 2024ರ ಮೇ 24ರ ರಾತ್ರಿಯನ್ನು ಆ ಊರು ಮರೆತಿಲ್ಲ. ಮಟ್ಕಾ ವಿಷಯದಲ್ಲಿ ಠಾಣೆಗೆ ಕರೆತಂದಿದ್ದ ಯುವಕನೊಬ್ಬ ಸತ್ತ. ಪೋಲೀಸರ ಕೈಯಲ್ಲಿ ಸತ್ತನೆಂದು ಬಂಧುಗಳೂ ಊರವರೂ ಆರೋಪಿಸಿದರು. ಅನಾರೋಗ್ಯದಿಂದ ಸತ್ತನೆಂದು ಪೋಲೀಸರು ಹೇಳಿದರು. ಜನ ಠಾಣೆಗೆ ನುಗ್ಗಿದರು, ಕಲ್ಲು ತೂರಿದರು. ಪೋಲೀಸ್ ಗಾಡಿಗಳು ಜಖಂ ಆದವು, ಪೋಲೀಸಿನವರಿಗೂ ಗಾಯಗಳಾದವು. ಎಫ್.ಐ.ಆರ್. ಇಲ್ಲದೆ ಠಾಣೆಗೆ ಕರೆತಂದದ್ದು ತಪ್ಪೆಂದು ಮುಖ್ಯಮಂತ್ರಿಗಳೇ ಹೇಳಿದರು, ಡಿ.ವೈ.ಎಸ್ಪಿ. ಮತ್ತು ಇನ್‌ಸ್ಪೆಕ್ಟರರು ಅಮಾನತಾದರು, ತನಿಖೆ ಸಿ.ಐ.ಡಿ.ಗೆ ಹೋಯಿತು.

ಕಲ್ಲು ತೂರಿದ್ದನ್ನು ನಾವು ಸಮರ್ಥಿಸುವುದಿಲ್ಲ. ಕಲ್ಲಿಗೆ ನ್ಯಾಯ ಅನ್ಯಾಯ ತಿಳಿಯದು. ಅದು ಹೊಡೆದದ್ದು ನಮ್ಮಂಥವರ ಮನೆಯ ಮಗನಾದ ಪೇದೆಯ ತಲೆಗೆ. ಸಾವಿನ ಕಾರಣ ಹೊಡೆತವೋ ರೋಗವೋ ಎಂಬುದನ್ನೂ ನಾವು ಇಲ್ಲಿ ಕೂತು ತೀರ್ಪು ಹೇಳುವುದಿಲ್ಲ. ಆದರೆ ಒಂದು ಮಾತು. ಆ ರಾತ್ರಿ ಪೋಲೀಸರು "ನಾವು ಹೊಡೆದಿಲ್ಲ" ಎಂದಾಗ ಊರು ಏಕೆ ನಂಬಲಿಲ್ಲ? ಬೀಟ್ ಸಮಿತಿಗಳು ಚನ್ನಗಿರಿಯಲ್ಲಿ ಇರಲಿಲ್ಲವೇ? ಏಳು ವರ್ಷ ಹಿಂದೆಯೇ ಜನಸ್ನೇಹಿ ವ್ಯವಸ್ಥೆ ಬಂದಿತ್ತಲ್ಲ? ಸ್ನೇಹವೆಂಬುದು ಕಷ್ಟದ ಹೊತ್ತಿನಲ್ಲಿ ಪರೀಕ್ಷೆಯಾಗುವ ವಸ್ತು. ವರ್ಷವಿಡೀ ಸಭೆ ಮಾಡಿ, ಒಂದು ರಾತ್ರಿ ಒಬ್ಬರ ಮಾತನ್ನೊಬ್ಬರು ನಂಬದಿದ್ದರೆ ಅದು ಸ್ನೇಹವಲ್ಲ, ಹಾಜರಿ ಪುಸ್ತಕ.

ಅದೇ ತಾಲ್ಲೂಕಿನ ಇನ್ನೊಂದು ಸಂಗತಿ ಇದಕ್ಕಿಂತ ಕಹಿ. 2025ರ ಏಪ್ರಿಲ್‌ನಲ್ಲಿ ನಲ್ಲೂರಿನ ಕಡೆಯ ಹಳ್ಳಿಯೊಂದರಲ್ಲಿ, ಕಳ್ಳತನ ಮಾಡಿದನೆಂದು ಹಕ್ಕಿಪಿಕ್ಕಿ ಸಮುದಾಯದ ಬಾಲಕನೊಬ್ಬನನ್ನು ಅಡಕೆ ಮರಕ್ಕೆ ಕಟ್ಟಿ ಹೊಡೆದರು. ಮೈಮೇಲೆ ಕೆಂಪಿರುವೆ ಬಿಟ್ಟರು. ಅದರ ಚಿತ್ರವನ್ನೂ ತೆಗೆದು ಹಂಚಿದರು. ಪೋಲೀಸರು ಕೇಸು ಹಾಕಿ ಹಲವರನ್ನು ಬಂಧಿಸಿದರು. 'ಅಪರಾಧ ತಡೆಗೆ ಸಮುದಾಯದ ಸಹಭಾಗಿತ್ವ' ಎಂದು ವೇದಿಕೆಯ ಮೇಲೆ ಹೇಳುವ ಮಾತಿಗೆ ಅಂಕೆಯಿಲ್ಲದಿದ್ದರೆ ಅದು ಎಲ್ಲಿಗೆ ಮುಟ್ಟುತ್ತದೆಂಬುದನ್ನು ಆ ಅಡಕೆ ಮರ ಹೇಳುತ್ತದೆ. 'ಸಮುದಾಯ' ಎಂದರೆ ಯಾರು ಸ್ವಾಮಿ? ತೋಟದ ಯಜಮಾನನಷ್ಟೇ ಸಮುದಾಯವೇ? ಊರಾಚೆಯ ಗುಡಿಸಲಿನವರು ಅದರಲ್ಲಿ ಸೇರಿದ್ದಾರೋ, ಅಥವಾ ಅವರ ಮೇಲೆ ಕಣ್ಣಿಡುವುದಕ್ಕೇ ಆ ಸಮುದಾಯ ಇದೆಯೋ? 1871ರಲ್ಲಿ ಬ್ರಿಟಿಷರು ಕೆಲವು ಜಾತಿಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದರು. 1952ರಲ್ಲಿ ಸ್ವತಂತ್ರ ಭಾರತ ಆ ಕಾಯಿದೆಯನ್ನು ಹೂತುಹಾಕಿತು. ಕಾಯಿದೆ ಸತ್ತಿತು; ಆ ಪಟ್ಟಿ ಕೆಲವರ ತಲೆಯಲ್ಲಿ ಬದುಕಿದೆ. ಬೀಟ್ ಪುಸ್ತಕ ಆ ಪಟ್ಟಿಯ ಹೊಸ ಪ್ರತಿಯಾಗಬಾರದು.

ಜಗಳೂರಿನ ಕಥೆ ಬೇರೆ. ಅದು ಬರದ ಸೀಮೆ. ಮಳೆ ಕೈಕೊಟ್ಟ ವರ್ಷ ಬಾಗಿಲಿಗೆ ಬೀಗ ಜಡಿದು ಜನ ಗುಳೆ ಹೋಗುತ್ತಾರೆ. "ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ ಹೋಗಿ, ಒಡವೆ ಲಾಕರಿನಲ್ಲಿಡಿ" ಎಂದು ಪೋಲೀಸರು ಉಪದೇಶ ಮಾಡುತ್ತಾರೆ. ಪೇಟೆಯಲ್ಲಿ ಮದುವೆಗೆ ಹೋಗುವ ಸಂಸಾರಕ್ಕೆ ಒಳ್ಳೆಯ ಉಪದೇಶ. ಆರು ತಿಂಗಳು ಕೂಲಿಗೆ ಹೋಗುವವನಿಗೆ ಲಾಕರ್ ಎಲ್ಲಿಂದ ಬರಬೇಕು? ಅವನ ಆಸ್ತಿ ಎರಡು ಕುರಿ, ಒಂದು ಪಂಪ್‌ಸೆಟ್ಟಿನ ಕೇಬಲ್, ನಾಲ್ಕು ಪಾತ್ರೆ. ಅವು ಹೋದವೆಂದು ಠಾಣೆಗೆ ಹೋದರೆ "ಅರ್ಜಿ ಕೊಟ್ಟು ಹೋಗು, ನೋಡೋಣ" ಎನ್ನುತ್ತಾರೆ. ಶ್ರೀಮಂತನ ಮನೆಯ ಕಳ್ಳತನಕ್ಕೆ ಬೆರಳಚ್ಚಿನ ತಜ್ಞರು ಬರುತ್ತಾರೆ. ಕುರಿಗಾಹಿಯ ಕಳ್ಳತನಕ್ಕೆ ಚೀಟಿಯೂ ಸಿಗುವುದಿಲ್ಲ. ಕುರಿ ಕಳ್ಳತನ ಕೇಸಾಗದಿದ್ದರೆ ಪುಸ್ತಕದಲ್ಲಿ ಕುರಿ ಕಳ್ಳತನವೇ ಇರುವುದಿಲ್ಲ. ಆಗ ವರ್ಷದ ಕೊನೆಗೆ ಅಪರಾಧ ಇಳಿಯಿತೆಂದು ಪ್ರಕಟಣೆ ಬರುತ್ತದೆ!

ಹೊನ್ನಾಳಿಯ ತುಂಗಭದ್ರೆಯ ದಂಡೆಯ ಹಳ್ಳಿಗಳಿಗೆ ಹೋಗಿ ಕೇಳಿ. ರಾತ್ರಿ ಮರಳು ತುಂಬುವ ಟ್ರ್ಯಾಕ್ಟರು ಯಾರದೆಂದು ಹುಡುಗರಿಗೂ ಗೊತ್ತು. ಆದರೆ ಹೇಳುವವರಿಲ್ಲ. ಏಕೆ? ಹೇಳಿದವನ ಹೆಸರು ತನ್ನ ಮನೆ ಮುಟ್ಟುವ ಮೊದಲು ಟ್ರ್ಯಾಕ್ಟರಿನ ಮಾಲೀಕನ ಮನೆ ಮುಟ್ಟುತ್ತದೆಂಬ ಭಯ. ಆ ಭಯ ಸುಳ್ಳೆಂದು ತೋರಿಸುವುದು ಯಾರ ಜವಾಬ್ದಾರಿ? ಜನ ಮಾಹಿತಿ ಕೊಡುವುದಿಲ್ಲ ಎಂದು ಗೊಣಗುವ ಅಧಿಕಾರಿಗಳು, ಮಾಹಿತಿ ಕೊಟ್ಟವನನ್ನು ಕಾಪಾಡಿದ್ದನ್ನು ಒಂದು ಸಲ ತೋರಿಸಲಿ. ಹತ್ತು ಸಭೆ ಮಾಡಲಾಗದ್ದನ್ನು ಆ ಒಂದು ಉದಾಹರಣೆ ಮಾಡೀತು.

ಇಷ್ಟು ಹೇಳಿದ ಮೇಲೆ, ಬೈಗುಳವೆಲ್ಲ ಪೇದೆಗೆ ಬೀಳಲಿ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಗಿರಣಿ ಬಂಧುಗಳೇ, ಈ ಮಾತನ್ನು ನೀವು ವಿಶೇಷವಾಗಿ ಕೇಳಬೇಕು. ಬೀಟಿನ ಪೇದೆ ಯಾರು? ನಿಮ್ಮಂತೆಯೇ ಸಂಬಳ ನಂಬಿ ಬದುಕುವವನು. ಬೆಳಿಗ್ಗೆ ಹಾಜರಿಗೆ ನಿಲ್ಲಬೇಕು, ಕೋರ್ಟಿಗೆ ಹೋಗಬೇಕು, ಸಮನ್ಸ್ ಹಂಚಬೇಕು, ಮಂತ್ರಿ ಬಂದರೆ ಬಿಸಿಲಲ್ಲಿ ರಸ್ತೆ ಕಾಯಬೇಕು, ಗಣಪತಿ ಬಂದರೆ ಮೆರವಣಿಗೆ ಕಾಯಬೇಕು, ರಾತ್ರಿ ಗಸ್ತು ತಿರುಗಬೇಕು. ಇವೆಲ್ಲದರ ಮೇಲೆ ಈಗ ಮನೆ ಮನೆಗೂ ಹೋಗಿ ಕಷ್ಟಸುಖ ಕೇಳಬೇಕು. ನಮ್ಮ ದೇಶದ ಪೋಲೀಸಿನವನು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾನೆಂದು 2019ರಲ್ಲಿ ಪ್ರಕಟವಾದ ಭಾರತದ ಪೋಲೀಸ್ ಸ್ಥಿತಿಗತಿ ವರದಿ ಹೇಳಿತು. ಗಿರಣಿಯವನಿಗೆ 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಆ ಮಿತಿಗಾಗಿ ನಮ್ಮ ಹಿರಿಯರು ಗೇಟಿನ ಮುಂದೆ ಕೂತಿದ್ದರು. ಪೇದೆಗೆ ಗೇಟಿನ ಮುಂದೆ ಕೂರುವ ಹಕ್ಕೂ ಇಲ್ಲ. 1966ರ ಕೇಂದ್ರ ಕಾಯಿದೆ ಅವನ ಸಂಘಟನೆಯ ಹಕ್ಕಿಗೆ ಬೀಗ ಹಾಕಿದೆ. 2016ರ ಜೂನ್‌ನಲ್ಲಿ ಕರ್ನಾಟಕದ ಪೋಲೀಸಿನವರು ಸಂಬಳ, ರಜೆಗಾಗಿ ಸಾಮೂಹಿಕ ರಜೆಯ ಮಾತೆತ್ತಿದಾಗ ಎಸ್ಮಾ ಜಾರಿಯಾಯಿತು. ಮುಂದಾಳಿನ ಮೇಲೆ ರಾಜದ್ರೋಹದ ಕೇಸೇ ಬಿತ್ತು. ರಜೆ ಕೇಳಿದರೆ ರಾಜದ್ರೋಹ!

ಹದಿನಾಲ್ಕು ಗಂಟೆ ನಿಂತು ಬಂದ ಮನುಷ್ಯ ಹದಿನೈದನೆಯ ಗಂಟೆಗೆ ನಿಮ್ಮ ಬಾಗಿಲಿಗೆ ಬಂದರೆ ಅವನು ನಿಮ್ಮ ಕಷ್ಟ ಕೇಳುತ್ತಾನೋ, ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಓಡುತ್ತಾನೋ? ತಪ್ಪು ಅವನದಲ್ಲ. ಅಪರಾಧ ತಡೆಯುವುದು ಒಂದು ಪೂರ್ಣ ಉದ್ಯೋಗ. ಮಿಕ್ಕ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಾಡುವ ಉಪಕಸುಬಲ್ಲ. ಹೊರದೇಶಗಳ ಎಷ್ಟೋ ಪೋಲೀಸ್ ಇಲಾಖೆಗಳಲ್ಲಿ ಅಪರಾಧ ತಡೆಗೆಂದೇ ನೇಮಕವಾದ ನೌಕರರಿರುತ್ತಾರೆ. ಬೀದಿಯ ಜನರನ್ನು ಸೇರಿಸುವುದು, ಅಂಗಡಿಯ ಬೀಗ ಕಿಟಕಿ ನೋಡಿ ಸಲಹೆ ಹೇಳುವುದು, ಯಾವ ಮೂಲೆಯಲ್ಲಿ ದೀಪವಿಲ್ಲ ಎಂದು ಬರೆದು ಪುರಸಭೆಗೆ ಕಳಿಸುವುದು ಅವರ ದಿನದ ಕೆಲಸ. ನಮ್ಮ ನೆರೆಯ ಕೇರಳದಲ್ಲಿ 2008ರಲ್ಲಿ ಜನಮೈತ್ರಿ ಯೋಜನೆ ಆರಂಭವಾದಾಗಲೂ ಬೀಟ್ ಅಧಿಕಾರಿ ತನ್ನ ಪ್ರದೇಶದ ಪ್ರತಿ ಮನೆಯನ್ನೂ ಖುದ್ದಾಗಿ ಅರಿತಿರಬೇಕೆಂಬುದೇ ಅದರ ಜೀವಾಳವಾಗಿತ್ತು. ಮನೆಯನ್ನು ಅರಿಯಲು ಸಮಯ ಬೇಕು. ಸಮಯಕ್ಕೆ ಜನ ಬೇಕು. ಜನಕ್ಕೆ ಸಂಬಳ ಬೇಕು. ಈ ಮೂರರ ಮಾತು ಬಂದಾಗ ಮಾತ್ರ ಸರ್ಕಾರಕ್ಕೆ ಕಿವಿ ಕೇಳಿಸುವುದಿಲ್ಲ.

ಪೋಲೀಸರ ಕೊರತೆಯನ್ನು ಸ್ವಯಂಸೇವಕರಿಂದ ತುಂಬೋಣ ಎನ್ನುವವರಿದ್ದಾರೆ. ಅವರು ತಮಿಳುನಾಡಿನ ಪಾಠ ಓದಲಿ. 1993ರಲ್ಲಿ ರಾಮನಾಥಪುರದಲ್ಲಿ 'ಪೋಲೀಸ್ ಗೆಳೆಯರು' ಎಂಬ ಸ್ವಯಂಸೇವಕ ಪಡೆ ಶುರುವಾಯಿತು, ಒಳ್ಳೆಯ ಉದ್ದೇಶದ್ದೇ. 2020ರ ಜೂನ್‌ನಲ್ಲಿ ಸಾತಾನ್‌ಕುಳಂ ಎಂಬ ಪೇಟೆಯಲ್ಲಿ, ಲಾಕ್‌ಡೌನ್ ಹೊತ್ತು ಮೀರಿ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ ಪೋಲೀಸರು ಹಿಡಿದೊಯ್ದ ತಂದೆ ಮಗ ಇಬ್ಬರೂ ಸತ್ತರು. ಅವರದು ಮೊಬೈಲ್ ಫೋನಿನ ಸಣ್ಣ ಅಂಗಡಿ. ಅಂಗಡಿಯ ಅಣ್ಣಂದಿರೇ, ಇದನ್ನು ಎರಡು ಸಲ ಓದಿಕೊಳ್ಳಿ. ಆ ಪ್ರಕರಣದಲ್ಲಿ ಸ್ವಯಂಸೇವಕರ ಹೆಸರೂ ಕೇಳಿಬಂದು, ಮರುತಿಂಗಳೇ ತಮಿಳುನಾಡು ಸರ್ಕಾರ ಆ ಪಡೆಯನ್ನು ನಿಷೇಧಿಸಿತು. ಹೊಣೆಯಿಲ್ಲದವನ ಕೈಗೆ ಲಾಠಿಯ ನೆರಳು ಕೊಟ್ಟರೂ ಅದು ಲಾಠಿಯೇ ಆಗುತ್ತದೆ.

ಇನ್ನು ಕ್ಯಾಮೆರಾದ ಮಾತು. ಪೇಟೆ ಬೀದಿಯ ಸಭೆಗಳಲ್ಲಿ ವ್ಯಾಪಾರಿಗಳಿಗೆ ಸಿಗುವ ಉಪದೇಶ ಒಂದೇ: "ಕ್ಯಾಮೆರಾ ಹಾಕಿಸಿ." ಜನ ದೊಡ್ಡ ಸಂಖ್ಯೆಯಲ್ಲಿ ಸೇರುವ ಸಂಸ್ಥೆಗಳಿಗೆ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆ ಕ್ಯಾಮೆರಾ ಕಡ್ಡಾಯ ಮಾಡಿದೆ, ಒಪ್ಪಿದೆವು. ಆದರೆ ದಿನಕ್ಕೆ ಮುನ್ನೂರು ರೂಪಾಯಿ ಉಳಿದರೆ ಹಬ್ಬವೆನ್ನುವ ಬೀಡಾ ಅಂಗಡಿಯವನಿಗೂ ಅದೇ ಉಪದೇಶವೇ? ನ್ಯಾಮತಿಯಲ್ಲಿ ಬ್ಯಾಂಕಿನ ಕ್ಯಾಮೆರಾ ಕಳ್ಳನನ್ನು ತಡೆಯಲಿಲ್ಲ. ಕಳ್ಳನೇ ಕ್ಯಾಮೆರಾದ ಪೆಟ್ಟಿಗೆಯನ್ನು ಹೊತ್ತೊಯ್ದ. ನಮ್ಮದೂ ಒಂದು ಮರುಪ್ರಶ್ನೆ ಇದೆ. ಪ್ರತಿ ಠಾಣೆಯಲ್ಲೂ, ಲಾಕಪ್ಪಿನಲ್ಲೂ, ಧ್ವನಿ ಕೂಡ ದಾಖಲಾಗುವ ಕ್ಯಾಮೆರಾ ಇರಲೇಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿತು. ನಮ್ಮ ನಾಲ್ಕು ತಾಲ್ಲೂಕುಗಳ ಠಾಣೆಗಳಲ್ಲಿ ಅವು ಎಲ್ಲೆಲ್ಲಿವೆ, ನಡೆಯುತ್ತಿವೆಯೇ, ಎಷ್ಟು ದಿನದ ಚಿತ್ರ ಉಳಿದಿರುತ್ತದೆ ಎಂಬುದನ್ನು ಠಾಣೆಯ ಗೋಡೆಯ ಮೇಲೆ ಬರೆದು ಹಾಕಲಿ. ಅಂಗಡಿಯ ಗಲ್ಲಕ್ಕೆ ಕಾವಲು ಬೇಕೆನ್ನುವವರು ಲಾಕಪ್ಪಿನಲ್ಲಿರುವ ಮನುಷ್ಯನಿಗೂ ಕಾವಲು ಕೊಡಲಿ.

1829ರಲ್ಲಿ ಲಂಡನ್ನಿನಲ್ಲಿ ಹೊಸ ಪೋಲೀಸ್ ಪಡೆ ಕಟ್ಟಿದಾಗ ಅದರ ಮೊದಲ ಗುರಿ ಅಪರಾಧ ತಡೆಯುವುದು ಎಂದು ಬರೆದಿಟ್ಟರು. ಅದೇ ಇಂಗ್ಲಿಷರು 1861ರಲ್ಲಿ ನಮಗೆ ಪೋಲೀಸ್ ಕಾಯಿದೆ ಕೊಟ್ಟರು. 1857ರ ದಂಗೆಯ ನೆತ್ತರು ಇನ್ನೂ ಆರಿರಲಿಲ್ಲ. ಜನರನ್ನು ಅಂಕೆಯಲ್ಲಿಡುವುದು ಅದರ ಗುರಿಯಾಗಿತ್ತು. ಅವರ ಮನೆಗೆ ಕಾವಲುಗಾರ, ನಮ್ಮ ಮನೆಗೆ ಸವಾರ! ಕರ್ನಾಟಕಕ್ಕೆ 1963ರ ಪೋಲೀಸ್ ಕಾಯಿದೆ ಬಂದರೂ ಸವಾರನ ಅಭ್ಯಾಸ ಪೂರ್ತಿ ಹೋಗಲಿಲ್ಲ. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ತಮ್ಮದೇ ಪಕ್ಷದ ಸರ್ಕಾರವಿದ್ದಾಗ ಪೋಲೀಸರು ಜನರ ಮೇಲೆ ಗುಂಡು ಹಾರಿಸಿದರು. ಆಗ ಆ ಸರ್ಕಾರ ರಾಜೀನಾಮೆ ಕೊಡಲೇಬೇಕೆಂದು ಹಟ ಹಿಡಿದವರು ಡಾ. ರಾಮಮನೋಹರ ಲೋಹಿಯಾ. ಸರ್ಕಾರ ಯಾರದ್ದೇ ಇರಲಿ, ಪೋಲೀಸ್ ಜನಕ್ಕೆ ಉತ್ತರ ಹೇಳಬೇಕು ಎಂಬ ಆ ಅಳತೆಗೋಲನ್ನು ನಾವು ಇಂದಿಗೂ ಕೈಬಿಟ್ಟಿಲ್ಲ.

ಹಾಗಾದರೆ ಏನಾಗಬೇಕು? ಟೀಕೆ ಮಾಡಿ ಕೈತೊಳೆದುಕೊಳ್ಳುವುದು ನಮ್ಮ ಪದ್ಧತಿಯಲ್ಲ. ನಮ್ಮ ಬೇಡಿಕೆಗಳು ಇವು.

ಮೊದಲನೆಯದು, ಬೀಟ್ ಪೇದೆಗೆ ಬೀಟೇ ಕೆಲಸವಾಗಬೇಕು. ಬಂದೋಬಸ್ತು, ಸಮನ್ಸಿನ ಹೊರೆ ಬೇರೆಯವರಿಗೆ ಹೋಗಲಿ. ಎಂಟು ಗಂಟೆಯ ಪಾಳಿ, ವಾರದ ರಜೆ ಕಡ್ಡಾಯವಾಗಲಿ. ಖಾಲಿ ಹುದ್ದೆಗಳನ್ನು ತುಂಬಲಿ.

ಎರಡನೆಯದು, ಅವನು ಒಂದೇ ಬೀಟಿನಲ್ಲಿ ಕನಿಷ್ಠ ಎರಡು ವರ್ಷ ನಿಲ್ಲಬೇಕು. 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಹೇಳಿತು. ಶಾಸಕರ ಚೀಟಿಗೆ ಎತ್ತಂಗಡಿಯಾಗುವ ಅಧಿಕಾರಿಗೆ ಬೀದಿಯ ಹೆಸರು ಕಲಿಯಲೂ ಸಮಯವಿರುವುದಿಲ್ಲ.

ಮೂರನೆಯದು, ಬೀಟ್ ಸಮಿತಿಯಲ್ಲಿ ಹಮಾಲರು, ತಳ್ಳುಗಾಡಿಯವರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಕಾಲೋನಿಯವರು, ಅಲೆಮಾರಿ ಜನ ಇರಲೇಬೇಕು. ಕಾರಿನಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೂರುವವರಷ್ಟೇ ನಾಗರಿಕರಲ್ಲ.

ನಾಲ್ಕನೆಯದು, ಬೀಟ್ ಪುಸ್ತಕದಲ್ಲಿ ಜನರ ಅಂಕಣ ಬೇಕು. ಹಿಂದಿನ ಸಭೆಯಲ್ಲಿ ಏನು ಹೇಳಿದೆವು, ಏನಾಯಿತು ಎಂಬುದನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ನಮ್ಮ ಮನೆಯಿಂದ ಬರೆದುಕೊಂಡ ವಿವರ ಏತಕ್ಕೆ, ಯಾರು ನೋಡುತ್ತಾರೆ ಎಂಬುದನ್ನೂ ತಿಳಿಸಬೇಕು.

ಐದನೆಯದು, ಕುರಿ ಹೋದರೂ ಕೇಸು, ಕೇಬಲ್ ಹೋದರೂ ಕೇಸು. ಪೋಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧದ ದೂರು ಬಂದರೆ ಎಫ್.ಐ.ಆರ್. ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದರ ಪ್ರತಿ ದೂರುದಾರನಿಗೆ ಪುಕ್ಕಟೆಯಾಗಿ ಸಿಗಬೇಕು. ಇದು ದಯೆಯಲ್ಲ, ಹಕ್ಕು.

ಆರನೆಯದು, ಪೋಲೀಸರ ಮೇಲಿನ ದೂರು ಕೇಳಲು ಜಿಲ್ಲಾ ಮಟ್ಟದಲ್ಲಿ ನಿವೃತ್ತ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಪ್ರಾಧಿಕಾರವಿರಬೇಕೆಂದು ಅದೇ 2006ರ ತೀರ್ಪು ಹೇಳಿತು. ಅದರ ವಿಳಾಸ, ದೂರು ಕೊಡುವ ವಿಧಾನ ಪ್ರತಿ ಠಾಣೆಯ ಬಾಗಿಲಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಅಂಥ ಬಾಗಿಲೊಂದು ತೆರೆದಿದೆಯೆಂದು ತಿಳಿದ ಊರು ಕಲ್ಲಿಗೆ ಕೈಹಾಕುವುದಿಲ್ಲ.

ಇದೆಲ್ಲಕ್ಕೂ ಮೇಲಾಗಿ ಒಂದು ಮಾತು. ಬೀದಿಯ ದೀಪ, ಹುಡುಗರ ಕೈಗೆ ಕೆಲಸ, ಬಡ್ಡಿಯ ಹಿಂಸೆಯಿಲ್ಲದ ಸಾಲ, ಬರದ ಸೀಮೆಗೆ ನೀರು, ಇವೂ ಅಪರಾಧ ತಡೆಯ ಸಾಧನಗಳೇ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಸಂಸಾರಗಳು ಬೀದಿಗೆ ಬಿದ್ದವು. ಆಗ ಆ ಸಂಸಾರಗಳ ಮಕ್ಕಳ ಗತಿ ಏನೆಂದು ಕೇಳಲು ಯಾವ ಬೀಟ್ ಪುಸ್ತಕವೂ ಮನೆ ಮನೆಗೆ ಬರಲಿಲ್ಲ. ಹೊಟ್ಟೆಗೆ ಹಾಕದ ಸರ್ಕಾರ ಬರೀ ಗಸ್ತು ಹಾಕಿದರೆ ಕಳ್ಳತನ ಒಂದು ಓಣಿ ಬಿಟ್ಟು ಇನ್ನೊಂದು ಓಣಿಗೆ ಹೋದೀತು, ಅಷ್ಟೇ.

ಬಂಧುಗಳೇ, ನಿಮ್ಮ ಓಣಿಗೆ ಬೀಟ್ ಪೇದೆ ಬಂದಾಗ ಬಾಗಿಲು ಹಾಕಿಕೊಳ್ಳಬೇಡಿ. ಕೂರಿಸಿ. ಅವನ ಹೆಸರು ಕೇಳಿ, ಬರೆದಿಟ್ಟುಕೊಳ್ಳಿ. ಎಷ್ಟು ಗಂಟೆಯಿಂದ ನಿಂತಿದ್ದೀಯಪ್ಪ ಎಂದು ಕೇಳಿ. ಆ ಪ್ರಶ್ನೆಯನ್ನು ಅವನ ಮೇಲಧಿಕಾರಿಗಳು ಕೇಳುವುದಿಲ್ಲ. ಆಮೇಲೆ ನಿಮ್ಮ ಕಷ್ಟ ಹೇಳಿ, ಮುಂದಿನ ಸಲ ಬಂದಾಗ ಉತ್ತರ ತರಬೇಕೆಂದು ಹೇಳಿ. ಸಭೆ ಕರೆದರೆ ಹಿಂದಿನ ಸಾಲಿನಲ್ಲಿ ನಿಲ್ಲಬೇಡಿ, ಮುಂದೆ ಕೂತು ಈ ಆರು ಮಾತು ಕೇಳಿ. ನಿಮ್ಮ ಊರಿನಲ್ಲಿ ಏನು ಉತ್ತರ ಬಂತೆಂದು ನಮಗೆ ಒಂದು ಕಾರ್ಡು ಬರೆದು ತಿಳಿಸಿ, ಪ್ರಕಟಿಸುತ್ತೇವೆ. ಕಾವಲುಗಾರನನ್ನು ಕಾಯುವ ಕೆಲಸ ಯಾವ ಇಲಾಖೆಯದೂ ಅಲ್ಲ. ಅದು ನಿಮ್ಮದು, ನಮ್ಮದು.